ಮಿಕ್ಕದ್ದರ ಪಾಕಶಾಲೆ

ಊಟದ ಮನೆಯನ್ನು ನಡೆಸುವವನು ಮೊದಲು ಅಡಿಗೆಯ ಪಟ್ಟಿಯನ್ನು ಬರೆದು, ಆ ಪಟ್ಟಿಗೆ ತಕ್ಕಂತೆ ಸಂತೆಗೆ ಹೋಗಿ ಸಾಮಾನು ಕೊಂಡು, ಕೊಂಡ ಕ್ರಯದ ಮೇಲೆ ತನ್ನ ಲಾಭವನ್ನಿಟ್ಟು, ಗಿರಾಕಿ ಬಂದು ಕುಳಿತ ಮೇಲೆ ತಟ್ಟೆಯನ್ನು ಅವನ ಮುಂದಿಡುವುದು ಲೋಕರೂಢಿ. ಈ ಕ್ರಮವನ್ನು ಬುಡಮೇಲು ಮಾಡಿದ ಒಂದು ಬಗೆಯ ಊಟದ ಮನೆಗಳು ಇಂಗ್ಲೆಂಡಿನಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಅಲ್ಲಲ್ಲಿ ಕಾಣಿಸಿಕೊಂಡಿವೆ. ಅಲ್ಲಿ ಸಾಮಾನು ಮೊದಲು ಬರುತ್ತದೆ, ಪಟ್ಟಿ ಆಮೇಲೆ ಹುಟ್ಟುತ್ತದೆ. ಬೆಲೆಯನ್ನು ಬಡಿಸುವವನು ಹೇಳುವುದಿಲ್ಲ, ಉಂಡವನು ನಿಶ್ಚಯಿಸುತ್ತಾನೆ. ಬಂದ ಸಾಮಾನಾದರೂ ದೊಡ್ಡ ಅಂಗಡಿಗಳೂ ಬೇಕರಿಗಳೂ ಸಗಟು ವ್ಯಾಪಾರಿಗಳೂ ಮಾರಲಾಗದೆ ಆ ಸಂಜೆಯೋ ಮರುದಿನವೋ ಕಸದ ತೊಟ್ಟಿಗೆ ಸುರಿಯಲಿದ್ದ ಪದಾರ್ಥ. ಇಂಥದೊಂದು ಕೆಫೆಯನ್ನು ನಾನಿರುವ ಯಾರ್ಕ್‌ಷೈರಿನ ಪುಟ್ಟ ಊರಿನಲ್ಲಿ ಕಟ್ಟಲು ಹೊರಟ ಸ್ವಯಂಸೇವಕರ ಗುಂಪಿನಲ್ಲಿ ನಾನೂ ಒಬ್ಬನಾಗಿದ್ದೆನಾದ್ದರಿಂದ, ಹೊರಗಿನಿಂದ ನೋಡುವವರಿಗೆ ಬರಿಯ ದಯೆಯ ಕಾರ್ಯವಾಗಿ ತೋರುವ ಈ ಉದ್ಯಮದ ಒಳಗೆ ದಯೆಗಿಂತ ಹೆಚ್ಚಾಗಿ ವಿವೇಚನೆಯ ಕೆಲಸವೇ ತುಂಬಿದೆಯೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕೆನಿಸಿದೆ.

ಈ ಬಗೆಯ ಕೆಫೆಗಳಲ್ಲಿ ಹೆಸರಾದದ್ದು ಲೀಡ್ಸ್ ನಗರದ ಆರ್ಮ್ಲಿ ಎಂಬ ಶ್ರಮಜೀವಿಗಳ ಬಡಾವಣೆಯಲ್ಲಿ 2013ರ ಡಿಸೆಂಬರಿನಲ್ಲಿ ಬಾಗಿಲು ತೆರೆದ ‘ರಿಯಲ್ ಜಂಕ್ ಫುಡ್ ಪ್ರಾಜೆಕ್ಟ್’. ಅದನ್ನು ಸ್ಥಾಪಿಸಿದವರು ವೃತ್ತಿಯಿಂದ ಬಾಣಸಿಗರಾದ ಆಡಂ ಸ್ಮಿತ್. ಆಸ್ಟ್ರೇಲಿಯದಲ್ಲಿ ಕೆಲಕಾಲ ಇದ್ದಾಗ ಒಳ್ಳೆಯ ಫಸಲು ವ್ಯರ್ಥವಾಗುವುದನ್ನು ಕಣ್ಣಾರೆ ಕಂಡು, ಊರಿಗೆ ಮರಳಿದ ಮೇಲೆ ಈ ಕೆಲಸಕ್ಕೆ ಕೈಯಿಕ್ಕಿದವರು. 1776ರಲ್ಲಿ ರಾಷ್ಟ್ರಗಳ ಸಂಪತ್ತನ್ನು ಕುರಿತು ಮಹಾಗ್ರಂಥವನ್ನು ಬರೆದು, ರೊಟ್ಟಿ ಸುಡುವವನ ಸ್ವಾರ್ಥದಿಂದಲೇ ನಮ್ಮ ಊಟ ನಡೆಯುತ್ತದೆಂದು ಜಗತ್ತಿಗೆ ತಿಳಿಸಿಕೊಟ್ಟ ಅರ್ಥಶಾಸ್ತ್ರಜ್ಞನ ಹೆಸರೂ ಇದೇ ಆಗಿರುವುದು ಕಾಕತಾಳೀಯ. ಆದರೆ ಆ ಹೆಸರಿನವರೊಬ್ಬರು ರೊಟ್ಟಿಯ ಮೇಲಿನ ಬೆಲೆಯ ಚೀಟಿಯನ್ನೇ ಕಿತ್ತುಹಾಕಿದರೆಂಬುದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಮನಸ್ಸಿಗೆ ತೋರಿದಷ್ಟು ಕೊಡಿ, ಹಣವಿಲ್ಲದಿದ್ದರೆ ಪಾತ್ರೆ ತೊಳೆಯಿರಿ, ಕುರ್ಚಿ ಜೋಡಿಸಿರಿ, ಅದೂ ಆಗದಿದ್ದರೆ ಸುಮ್ಮನೆ ಉಂಡು ಹೋಗಿರಿ ಎಂಬುದೇ ಅಲ್ಲಿಯ ನಿಯಮವಾಗಿತ್ತು. ಈ ಮಾದರಿ ಕೆಲವೇ ವರ್ಷಗಳಲ್ಲಿ ಊರಿಂದ ಊರಿಗೆ ಹಬ್ಬಿತು. ಲೀಡ್ಸಿನ ಶಾಲೆಗಳಿಗೆ ಹಣ್ಣು ರೊಟ್ಟಿಗಳನ್ನು ಮುಟ್ಟಿಸುವ ಕೆಲಸವೂ, ಪಕ್ಕದ ಪಡ್ಸಿಯಲ್ಲಿ 2016ರಲ್ಲಿ ತೆರೆದ ಬೆಲೆಯಿಲ್ಲದ ಅಂಗಡಿಯೂ ಅದೇ ಬೇರಿನಿಂದ ಚಿಗುರಿದವು.

ಇಲ್ಲಿ ಒಂದು ಸಂದೇಹವನ್ನು ಮೊದಲೇ ನಿವಾರಿಸುವುದು ಒಳ್ಳೆಯದು. ಮಿಕ್ಕ ಆಹಾರವೆಂದೊಡನೆ ನಮ್ಮವರ ಮನಸ್ಸು ಎಂಜಲಿನ ಕಡೆಗೋ ತಂಗಳಿನ ಕಡೆಗೋ ಹರಿಯುವುದು ಸಹಜ. ಊರಿನಿಂದ ಫೋನು ಮಾಡಿದ ನನ್ನ ಅತ್ತಿಗೆಯವರು, ಮೈದುನನಿಗೆ ಅಷ್ಟು ದೂರ ಹೋಗಿ ಅಂಥ ಕೆಲಸ ಮಾಡುವ ಗತಿ ಯಾಕೆ ಬಂತೆಂದು ನಿಜವಾಗಿಯೂ ನೊಂದುಕೊಂಡರು. ಕೆಫೆಗೆ ಬರುವುದು ಯಾರ ತಟ್ಟೆಯಿಂದ ಇಳಿದದ್ದೂ ಅಲ್ಲ, ಯಾರ ಮನೆಯಲ್ಲಿ ಉಳಿದದ್ದೂ ಅಲ್ಲ. ಯಾರ ಕೈಗೂ ಸೇರದೆ ಅಂಗಡಿಯ ಕಪಾಟಿನಲ್ಲಿಯೇ ನಿಂತದ್ದು. ಅದು ಹಾಗೆ ನಿಲ್ಲುವುದಕ್ಕೆ ಕಾರಣಗಳು ಅನೇಕ. ರಾತ್ರಿ ಎಂಟು ಗಂಟೆಗೆ ಬಂದ ಕಟ್ಟಕಡೆಯ ಗಿರಾಕಿಗೂ ತುಂಬಿದ ಕಪಾಟೇ ಕಾಣಬೇಕೆಂಬುದು ಇಂದಿನ ದೊಡ್ಡ ಅಂಗಡಿಗಳ ವ್ಯಾಪಾರಧರ್ಮ. ತುಂಬಿದ ಕಪಾಟನ್ನು ಸಂಜೆಯವರೆಗೆ ತುಂಬಿಯೇ ಇಟ್ಟರೆ, ಅಂಗಡಿ ಮುಚ್ಚುವಾಗ ಅದರಲ್ಲಿದ್ದುದೆಲ್ಲ ಮಿಗಲೇಬೇಕಷ್ಟೆ. ಬಿಸಿಲು ಬೀಳುವುದೆಂದು ನಂಬಿ ತರಿಸಿದ ಸೊಪ್ಪು ಸಲಾಡುಗಳು ಶನಿವಾರ ಮಳೆ ಹಿಡಿದರೆ ಹಾಗೆಯೇ ಉಳಿಯುತ್ತವೆ. ಹನ್ನೆರಡು ಮೊಟ್ಟೆಯ ಪೆಟ್ಟಿಗೆಯಲ್ಲಿ ಒಂದು ಒಡೆದರೆ ಹನ್ನೊಂದಕ್ಕೆ ಗಿರಾಕಿಯಿಲ್ಲ. ಗೊನೆಯಿಂದ ಬಿಡಿಯಾದ ಬಾಳೆಯ ಹಣ್ಣನ್ನು ಎತ್ತಿಕೊಳ್ಳುವವರೇ ಇಲ್ಲ; ಹಬ್ಬ ಮುಗಿದ ಮರುದಿನ ಹಬ್ಬದ ಚಿತ್ರವಿರುವ ಡಬ್ಬಿ ಅಪಶಕುನದಂತೆ ಮೂಲೆ ಸೇರುತ್ತದೆ.

ಇವೆಲ್ಲ ಅಂಗಡಿಯೊಳಗಿನ ಕಾರಣಗಳು. ಅಂಗಡಿಗೆ ಬರುವ ಮೊದಲೇ ತಿರಸ್ಕೃತವಾದವುಗಳದು ಬೇರೆಯೇ ಕಥೆ. ಸೌತೆಕಾಯಿ ಎಷ್ಟು ಬಾಗಿರಬಹುದೆಂಬುದಕ್ಕೆ ಯೂರೋಪಿನಲ್ಲಿ 1988ರಿಂದ ಒಂದು ಶಾಸನವೇ ಇತ್ತು: ಮೊದಲ ದರ್ಜೆಯ ಕಾಯಿ ಹತ್ತು ಸೆಂಟಿಮೀಟರ್ ಉದ್ದಕ್ಕೆ ಹತ್ತು ಮಿಲಿಮೀಟರಿಗಿಂತ ಹೆಚ್ಚು ಬಾಗಕೂಡದು. ಇಪ್ಪತ್ತಾರು ಬಗೆಯ ಹಣ್ಣು ತರಕಾರಿಗಳಿಗೆ ಅನ್ವಯಿಸುತ್ತಿದ್ದ ಇಂಥ ನಿಯಮಗಳನ್ನು 2009ರ ಜುಲೈಯಲ್ಲಿ ಕೈಬಿಟ್ಟರು. ಶಾಸನ ಹೋಯಿತೇ ಹೊರತು ಅದರ ಚಾಳಿ ಹೋಗಲಿಲ್ಲ. ಅಂಗಡಿಗಳು ತಮ್ಮ ತಮ್ಮ ಅಳತೆಗಳನ್ನು ತಾವೇ ಇಟ್ಟುಕೊಂಡು, ಒಂದೇ ಗಾತ್ರದ, ಒಂದೇ ಮೈಬಣ್ಣದ ಕಾಯಿಗಳನ್ನೇ ಸಾಲಾಗಿ ಜೋಡಿಸುತ್ತಿವೆ. ಸೌತೆಕಾಯಿ ನೆಟ್ಟಗಿದ್ದರೆ ಪೆಟ್ಟಿಗೆಯಲ್ಲಿ ಹೆಚ್ಚು ಹಿಡಿಸುತ್ತದೆಂಬುದು ನಿಜ. ಕೋಸಂಬರಿಯಲ್ಲಿ ಅದು ಬಾಗಿತ್ತೋ ನೆಟ್ಟಗಿತ್ತೋ ಎಂದು ಹೇಳಬಲ್ಲ ನಾಲಗೆಯನ್ನು ನಾನಂತೂ ಕಂಡಿಲ್ಲ.

ಎಷ್ಟು ಆಹಾರ ಹೀಗೆ ಹಾಳಾಗುತ್ತದೆಂಬುದಕ್ಕೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯೊಂದು ಅಂದಾಜು ಕೊಟ್ಟಿದೆ: 2022ರಲ್ಲಿ ಲೋಕದಾದ್ಯಂತ ಸುಮಾರು 105 ಕೋಟಿ ಟನ್, ಎಂದರೆ ತಿನ್ನುವವರ ಸಮೀಪಕ್ಕೆ ಬಂದ ಆಹಾರದಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಒಂದು ಪಾಲು. ಆದರೆ ಆ ವರದಿಯಲ್ಲಿ ನನ್ನ ಕಣ್ಣಿಗೆ ನಾಟಿದ್ದು ಒಟ್ಟು ಮೊತ್ತವಲ್ಲ, ಅದರ ವಿಭಾಗ. ನೂರರಲ್ಲಿ 60 ಪಾಲು ಮನೆಗಳದು, 28 ಪಾಲು ಹೋಟೆಲು ಮೊದಲಾದ ಊಟದ ವ್ಯವಸ್ಥೆಗಳದು, ಅಂಗಡಿಗಳದು 12 ಮಾತ್ರ. ಅಂಗಡಿಯ ಹಿಂಬಾಗಿಲಿನಲ್ಲಿ ಕ್ರೇಟು ಹಿಡಿದು ನಿಲ್ಲುವ ಸ್ವಯಂಸೇವಕನು ಇದನ್ನು ಓದಿದರೆ ಅವನ ಉತ್ಸಾಹ ತುಸು ಕುಗ್ಗುವುದು ಖಂಡಿತ. ತಾನು ಹೊತ್ತು ತಂದದ್ದು ಅತ್ಯಲ್ಪ ಪಾಲಿನ ಅತ್ಯಲ್ಪ ಅಂಶವೆಂದೂ, ಮುಖ್ಯವಾದ ಅಪರಾಧ ನಡೆಯುವುದು ತನ್ನ ಮನೆಯ ಫ್ರಿಜ್ಜಿನ ಹಿಂಬದಿಯಲ್ಲೆಂದೂ ಅವನಿಗೆ ಆಗ ಹೊಳೆಯುತ್ತದೆ. ಹಾಗಾದರೆ ಕೆಫೆಯಿಂದ ಏನು ಪ್ರಯೋಜನ? ಈ ಪ್ರಶ್ನೆಗೆ ಉತ್ತರವನ್ನು ತೂಕದ ಲೆಕ್ಕದಲ್ಲಿ ಹುಡುಕುವುದಕ್ಕಿಂತ, ಅಲ್ಲಿ ನಡೆಯುವ ಕೆಲಸದಲ್ಲಿಯೇ ಹುಡುಕುವುದು ಮೇಲು.

ಆ ಕೆಲಸ ಶುರುವಾಗುವುದು ಕಾಗದದಿಂದ. ಪದಾರ್ಥ ಪುಕ್ಕಟೆಯಾದ ಮಾತ್ರಕ್ಕೆ ಕಾನೂನು ಪುಕ್ಕಟೆಯಾಗಿ ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಜನರಿಗೆ ಕ್ರಮವಾಗಿ ಊಟ ಬಡಿಸುವ ಯಾವ ಸಂಸ್ಥೆಯಾದರೂ, ಬೆಲೆ ಕೇಳಲಿ ಬಿಡಲಿ, ಬಾಗಿಲು ತೆರೆಯುವ 28 ದಿನಗಳ ಮೊದಲೇ ಸ್ಥಳೀಯ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿಗೆ ಶುಲ್ಕವಿಲ್ಲ, ಅದನ್ನು ನಿರಾಕರಿಸುವಂತೆಯೂ ಇಲ್ಲ. ಆದರೆ ಆರೋಗ್ಯಾಧಿಕಾರಿ ಯಾವತ್ತೋ ಒಂದು ದಿನ ಹೇಳದೆ ಕೇಳದೆ ಬಂದು, ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟು ಹೋಗುತ್ತಾರೆ. ನಮಗೆ ದೊರೆತದ್ದು ಒಂದು ಹಳೆಯ ಇಗರ್ಜಿಗೆ ಸೇರಿದ ಸಭಾಂಗಣ. ಅದರ ಅಡಿಗೆಮನೆಯಲ್ಲಿ ಚಹಾ ಕಾಯಿಸುವುದಕ್ಕಿಂತ ಹೆಚ್ಚಿನದೇನೂ ಎಷ್ಟೋ ವರ್ಷಗಳಿಂದ ನಡೆದಿರಲಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಕೈ ತೊಳೆಯಕೂಡದಾದ್ದರಿಂದ ಕೈಗೆಂದೇ ಬೇರೊಂದು ಬೇಸಿನ್ನು ಬೇಕಾಯಿತು. ಕೊಳಾಯಿ ಕೆಲಸ ಬಲ್ಲ ಒಬ್ಬರು ತಮ್ಮ ಭಾನುವಾರಗಳನ್ನು ಅದಕ್ಕೆ ಕೊಟ್ಟರು. ನಿವೃತ್ತ ನರ್ಸ್ ಒಬ್ಬರು ಫ್ರಿಜ್ಜಿನ ಶೈತ್ಯವನ್ನು ದಿನಕ್ಕೆ ಎರಡು ಬಾರಿ ಬರೆದಿಡುವ ಪುಸ್ತಕವನ್ನು ವಹಿಸಿಕೊಂಡು, ಹಿಂದೆ ರೋಗಿಗಳ ಜ್ವರವನ್ನು ಬರೆದಿಡುತ್ತಿದ್ದಾಗಿನ ನಿಷ್ಠುರತೆಯನ್ನೇ ಇಲ್ಲಿಯೂ ತೋರಿಸಿದರು. ಕಾನೂನು ಎಂಟು ಡಿಗ್ರಿಯವರೆಗೆ ಒಪ್ಪುತ್ತದೆ; ಅವರು ಐದನ್ನು ದಾಟಗೊಡುತ್ತಿರಲಿಲ್ಲ. ತರಕಾರಿ ಹೆಚ್ಚುವ ಹಲಗೆಗಳಿಗೂ ವರ್ಣಾಶ್ರಮವುಂಟೆಂದು ನಾನು ಕಲಿತದ್ದು ಅಲ್ಲಿಯೇ: ಹಸಿ ಮಾಂಸಕ್ಕೆ ಕೆಂಪು, ಹಸಿ ಮೀನಿಗೆ ನೀಲಿ, ಹಣ್ಣು ಸೊಪ್ಪುಗಳಿಗೆ ಹಸಿರು, ಮಣ್ಣಿನ ಗೆಡ್ಡೆಗಳಿಗೆ ಕಂದು, ರೊಟ್ಟಿ ಬೆಣ್ಣೆಗಳಿಗೆ ಬಿಳಿ. ಒಂದರ ಮೇಲೆ ಮತ್ತೊಂದನ್ನು ಹೆಚ್ಚಿದರೆ ಪ್ರಾಯಶ್ಚಿತ್ತವಾಗಿ ಎಲ್ಲವನ್ನೂ ಕುದಿನೀರಿನಲ್ಲಿ ತೊಳೆಯಬೇಕು. ಮಡಿಯ ಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ಹೊಸತೇನೂ ಕಾಣದು. ಇಲ್ಲಿಯ ಮೈಲಿಗೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆಂಬುದಷ್ಟೇ ವ್ಯತ್ಯಾಸ.

ವಿವೇಚನೆಯ ನಿಜವಾದ ಪರೀಕ್ಷೆ ಮಾತ್ರ ದಿನಾಂಕದ ವಿಷಯದಲ್ಲಿ. ಪೊಟ್ಟಣಗಳ ಮೇಲೆ ಅಚ್ಚಾಗುವ ದಿನಾಂಕಗಳು ಎರಡು ಜಾತಿಯವು. ಒಂದು, ಇಂಥ ದಿನದೊಳಗೆ ಬಳಸಲೇಬೇಕೆಂಬುದು. ಇದು ಮಾಂಸ, ಮೀನು, ಬೇಗ ಕೆಡುವ ಹಾಲಿನ ಪದಾರ್ಥಗಳಿಗೆ ಸೇರಿದ್ದು, ಪ್ರಾಣಾಪಾಯಕ್ಕೆ ಸಂಬಂಧಪಟ್ಟದ್ದು, ಅದು ಕಳೆದ ಮೇಲೆ ಬಡಿಸುವುದು ಅಪರಾಧ. ಮತ್ತೊಂದು, ಇಂಥ ದಿನದವರೆಗೆ ಉತ್ತಮವಾಗಿರುವುದೆಂಬುದು. ಇದು ರುಚಿಗೂ ಗರಿಗರಿತನಕ್ಕೂ ಸಂಬಂಧಿಸಿದ್ದೇ ಹೊರತು ಆರೋಗ್ಯಕ್ಕಲ್ಲ, ಅದು ಕಳೆದ ಬಿಸ್ಕತ್ತನ್ನೋ ಬೇಳೆಯನ್ನೋ ಕೊಡುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಎರಡೂ ಒಂದೇ ಅಳತೆಯ ಸಣ್ಣ ಅಕ್ಷರಗಳಲ್ಲಿ, ಒಂದೇ ಬಗೆಯ ಶಾಯಿಯಲ್ಲಿ, ಪೊಟ್ಟಣದ ಒಂದೇ ಮೂಲೆಯಲ್ಲಿ ಇರುವುದರಿಂದ ಸಾಮಾನ್ಯ ಗೃಹಸ್ಥನು ಇವೆರಡನ್ನೂ ಒಂದೇ ಎಂದು ತಿಳಿದು, ಎರಡನೆಯದಕ್ಕೂ ಮೊದಲನೆಯದರಷ್ಟೇ ಹೆದರಿ, ಚೆನ್ನಾಗಿರುವುದನ್ನು ಎಸೆಯುತ್ತಾನೆ. ಈ ಗೊಂದಲ ತಿಳಿದಿದ್ದರಿಂದಲೇ ದೊಡ್ಡ ಅಂಗಡಿಗಳ ಪೈಕಿ ಟೆಸ್ಕೊ ಸಂಸ್ಥೆ 2018ರಲ್ಲಿಯೂ, ವೇಟ್‌ರೋಸ್ ಮತ್ತು ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ 2022ರಲ್ಲಿಯೂ ಅನೇಕ ಹಣ್ಣು ತರಕಾರಿಗಳ ಮೇಲಿನ ಎರಡನೆಯ ಬಗೆಯ ದಿನಾಂಕವನ್ನು ತೆಗೆದುಹಾಕಿದವು. ಆಲೂಗಡ್ಡೆ ಮೊಳೆತಿದೆಯೋ ಹಸಿರಾಗಿದೆಯೋ ಎಂಬುದನ್ನು ನೋಡಿ ತಿಳಿಯಲು ಕಣ್ಣು ಸಾಕೆಂದು ಕಡೆಗೂ ಒಪ್ಪಿದಂತಾಯಿತು.

ಹಾಗೆಂದು, ಹಾಲನ್ನು ಮೂಸಿಯೇ ತೀರ್ಪು ಕೊಡುತ್ತಿದ್ದ ನಮ್ಮ ಅಜ್ಜಿಯರ ಮೂಗನ್ನು ಕೆಫೆಯ ಅಧಿಕಾರಿಯನ್ನಾಗಿ ನೇಮಿಸಿಬಿಡಬಹುದೆಂದು ನಾನು ಹೇಳಲಾರೆ. ಲಿಸ್ಟೀರಿಯದಂಥ ರೋಗಾಣುವಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಫ್ರಿಜ್ಜಿನ ಚಳಿಯಲ್ಲಿಯೂ ಅದು ಬೆಳೆಯಬಲ್ಲದು. ಗರ್ಭಿಣಿಯರಿಗೂ ವೃದ್ಧರಿಗೂ ಅದರಿಂದ ಆಗುವ ಅಪಾಯ ಚಿಕ್ಕದಲ್ಲ. ಆರ್ಮ್ಲಿಯ ಯೋಜನೆಯವರು ಅಚ್ಚಾದ ದಿನಾಂಕಕ್ಕಿಂತ ಬಾಣಸಿಗನ ಅನುಭವವೇ ಮೇಲೆಂದು ಬಹಿರಂಗವಾಗಿ ವಾದಿಸಿದವರು. ಅವರ ಉಗ್ರಾಣದಲ್ಲಿ ಮೊದಲನೆಯ ಬಗೆಯ ದಿನಾಂಕ ಕಳೆದ ಪದಾರ್ಥಗಳಿದ್ದುವೆಂದು ವೆಸ್ಟ್ ಯಾರ್ಕ್‌ಷೈರಿನ ವ್ಯಾಪಾರದ ನಿಯಮಪಾಲನೆಯನ್ನು ನೋಡಿಕೊಳ್ಳುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಅಧಿಕಾರಿಗಳು 2017ರಲ್ಲಿ ವಿಚಾರಣೆ ನಡೆಸಿದ್ದುಂಟು. ಯೋಜನೆಯವರ ವಾದದಲ್ಲಿ ಸತ್ತ್ವವಿಲ್ಲದಿಲ್ಲ. ಆದರೆ ತನ್ನ ಮನೆಯಲ್ಲಿ ತಾನು ಉಣ್ಣುವಾಗ ಮಾಡಬಹುದಾದ ಸಾಹಸವನ್ನು, ನಂಬಿ ಬಂದು ಕುಳಿತ ಅಪರಿಚಿತರ ತಟ್ಟೆಯಲ್ಲಿ ಮಾಡುವುದಕ್ಕೆ ನನ್ನ ಮನಸ್ಸು ಒಪ್ಪದು. ನಮ್ಮ ಗುಂಪು ಸಾಕಷ್ಟು ವಾದವಿವಾದಗಳಾದ ಮೇಲೆ, ಮೊದಲನೆಯ ದಿನಾಂಕವನ್ನು ಮೀರುವುದಿಲ್ಲ, ಎರಡನೆಯದಕ್ಕೆ ಅಂಜುವುದಿಲ್ಲ ಎಂದು ನಿಶ್ಚಯಿಸಿತು. ಅವಧಿ ಮುಗಿಯುವ ದಿನದ ಮಧ್ಯರಾತ್ರಿಯೊಳಗೆ ಪದಾರ್ಥವನ್ನು ಫ್ರೀಜರಿಗೆ ಸೇರಿಸಿದರೆ ಅದರ ಗಡಿಯಾರ ನಿಂತಂತೆ ಎಂಬ ನಿಯಮವುಂಟಾದ್ದರಿಂದ, ನಮ್ಮಲ್ಲಿ ದೊಡ್ಡ ಫ್ರೀಜರಿಗೆ ಒಲೆಗಿಂತ ಹೆಚ್ಚಿನ ಗೌರವ ಸಲ್ಲತೊಡಗಿತು.

ಇನ್ನು ಅಡಿಗೆಯ ದಿನದ ಬೆಳಗು. ಒಂಬತ್ತರ ಸುಮಾರಿಗೆ ವ್ಯಾನು ಬಂದು, ಕ್ರೇಟುಗಳು ಉದ್ದನೆಯ ಮೇಜಿನ ಮೇಲೆ ಇಳಿಯುವವರೆಗೆ ಮಧ್ಯಾಹ್ನದ ಊಟ ಏನೆಂಬುದು ಯಾರಿಗೂ ಗೊತ್ತಿರದು. ರೊಟ್ಟಿಯಂತೂ ತಪ್ಪದೆ ಬರುತ್ತದೆ, ಬೇಡವೆನ್ನುವಷ್ಟು ಬರುತ್ತದೆ. ಒಮ್ಮೆ ನಿಂಬೆಹಣ್ಣುಗಳ ರಾಶಿಯೇ ಬಂತು. ಪ್ರತಿ ಬಲೆಚೀಲದಲ್ಲಿಯೂ ಒಂದೊಂದು ಹಣ್ಣಿಗೆ ಬೂಷ್ಟು ಹಿಡಿದಿತ್ತು, ಉಳಿದ ನಾಲ್ಕು ಸೊಗಸಾಗಿದ್ದುವು. ಬಲೆಯನ್ನು ಕತ್ತರಿಸಿ, ಕೆಟ್ಟದ್ದನ್ನು ತೆಗೆದು, ಒಳ್ಳೆಯವನ್ನು ತೊಳೆದು ಒರಸಿ ಗುಡ್ಡೆ ಹಾಕುವುದರಲ್ಲಿ ನಾಲ್ವರಿಗೆ ಒಂದು ತಾಸಿನ ಕೆಲಸ. ಈ ಕೆಲಸಕ್ಕೆ ಸಂಬಳ ಕೊಡಬೇಕಾದೀತೆಂಬ ಕಾರಣಕ್ಕೇ ಅಂಗಡಿಯವರು ಇಡಿಯ ಚೀಲವನ್ನೇ ಎಸೆಯುವುದು ಅಗ್ಗವೆಂದು ಎಣಿಸುತ್ತಾರೆಂಬುದು ಹಣ್ಣನ್ನು ಕೈಯಲ್ಲಿ ಹಿಡಿದವನಿಗೆ ಬೇಗ ಅರ್ಥವಾಗುತ್ತದೆ. ಸ್ವಯಂಸೇವೆಯೆಂದರೆ ಇಲ್ಲಿ ಬಹುಮಟ್ಟಿಗೆ ಬೇರ್ಪಡಿಸುವ ಸೇವೆ. ಅಷ್ಟು ನಿಂಬೆಹಣ್ಣನ್ನೂ, ಅದರ ಜೊತೆಗೆ ಬಂದಿದ್ದ ಅಕ್ಕಿಯ ಪೊಟ್ಟಣಗಳನ್ನೂ ಏನು ಮಾಡುವುದೆಂದು ಉಳಿದವರು ಯೋಚಿಸುತ್ತಿದ್ದಾಗ, ಚಿತ್ರಾನ್ನವೆಂಬ ಮಾತು ನನ್ನ ಬಾಯಿಂದ ಹೊರಟದ್ದು ಆಶ್ಚರ್ಯವಲ್ಲವಷ್ಟೆ.

ಆದರೆ ನಮ್ಮ ಮನೆಗಳಲ್ಲಿ ಮಕ್ಕಳು ಕೂಡ ಮಾಡಬಲ್ಲ ಈ ಚಿತ್ರಾನ್ನಕ್ಕೆ ಅಲ್ಲಿ ಎಷ್ಟು ಶಾಸ್ತ್ರಗಳೆಂದರೆ! 2014ರ ಡಿಸೆಂಬರಿನಿಂದ ಜಾರಿಯಲ್ಲಿರುವ ನಿಯಮದಂತೆ, ಕೆಲವರ ಮೈಗೆ ಒಗ್ಗದ 14 ಪದಾರ್ಥಗಳಲ್ಲಿ ಯಾವುದು ಯಾವ ಅಡಿಗೆಯಲ್ಲಿದೆಯೆಂಬುದನ್ನು ಉಣ್ಣುವವರಿಗೆ ತಿಳಿಸಲೇಬೇಕು. ಆ ಪಟ್ಟಿಯಲ್ಲಿ ಹಾಲು, ಮೊಟ್ಟೆ, ಮೀನುಗಳ ಜೊತೆಗೆ ಕಡಲೆಕಾಯಿ ಉಂಟು, ಗೋಡಂಬಿಯ ಜಾತಿ ಉಂಟು, ಎಳ್ಳುಂಟು. ನಮ್ಮ ಒಗ್ಗರಣೆಯ ಮೂಲಪುರುಷನಾದ ಸಾಸಿವೆಯೂ ಉಂಟು. ಇಂಗಿನ ಡಬ್ಬಿಯನ್ನು ತಿರುಗಿಸಿ ನೋಡಿದರೆ ಅದರಲ್ಲಿ ಇಂಗಿಗೆ ಗೋಧಿಹಿಟ್ಟು ಬೆರೆತಿದೆಯೆಂದು ಬರೆದಿತ್ತು. ಗೋಧಿಯ ಅಂಟು ಆಗದವರಿಗೆ ಅನ್ನವೇನೋ ನಿರಪಾಯ, ಚಿಟಿಕೆ ಇಂಗು ಅಪಾಯ. ಕರಿಹಲಗೆಯ ಮೇಲೆ ಬಿಳಿಯ ಸೀಮೆಸುಣ್ಣದಲ್ಲಿ ಸಾಸಿವೆ, ಕಡಲೆಕಾಯಿ ಎಂದು ದೊಡ್ಡದಾಗಿ ಬರೆದು, ಇಂಗನ್ನು ಬಿಟ್ಟು ಮಾಡಿದ ಚಿತ್ರಾನ್ನ ಹೇಗಿತ್ತೆಂದು ಕೇಳಬೇಡಿ. ಉಳಿದ ಅನ್ನದ ವಿಷಯದಲ್ಲಿ ಇನ್ನೂ ಬಿಗಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಅಣುಜೀವಿಯ ಬೀಜಾಣುಗಳು ಇರಬಹುದು. ಅವು ಬೇಯಿಸಿದರೂ ಸಾಯವು, ಅನ್ನ ಬಹಳ ಹೊತ್ತು ಬೆಚ್ಚಗೆ ಬಿದ್ದಿದ್ದರೆ ಮೊಳೆತು ವಿಷವನ್ನು ಕಾರುತ್ತವೆ, ಆ ವಿಷವಾದರೋ ಮತ್ತೆ ಕಾಯಿಸಿದರೂ ಹೋಗದು. ಆದ್ದರಿಂದ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ಹರಡಿ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು, ಒಂದು ದಿನಕ್ಕಿಂತ ಹೆಚ್ಚು ಇಡಕೂಡದು. ರಾತ್ರಿಯ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ ಬೆಳೆದ ನನಗೆ ಈ ಪಾಠ ಸುಲಭವಾಗಿ ಇಳಿಯಲಿಲ್ಲವೆಂಬುದನ್ನು ಹೇಳಿದರೆ ಸಾಕು.

ಹಣದ ಮಾತು. ಪದಾರ್ಥ ದಾನವಾಗಿ ಬಂದರೂ ಅನಿಲ, ವಿದ್ಯುತ್ತು, ಬಾಡಿಗೆ, ವಿಮೆ ಇವು ದಾನವಾಗಿ ಬರುವುದಿಲ್ಲ. ಎಣ್ಣೆ, ಉಪ್ಪು, ಈರುಳ್ಳಿಗಳು ದೊಡ್ಡ ಅಂಗಡಿಯಲ್ಲಿ ಮಿಗುವುದೇ ಅಪರೂಪವಾದ್ದರಿಂದ ಅವನ್ನೂ ಕೊಳ್ಳಬೇಕು. ಇದಕ್ಕೆಲ್ಲ ಆಧಾರ ಬಾಗಿಲ ಬಳಿಯ ಒಂದು ಮರದ ಪೆಟ್ಟಿಗೆ. ಅದನ್ನು ಎಲ್ಲಿ ಇಡಬೇಕೆಂಬುದೇ ಒಂದು ಸಭೆಗೆ ಸಾಲುವಷ್ಟು ಚರ್ಚೆಯಾಯಿತು. ಬಡಿಸುವ ಮೇಜಿನ ಮೇಲಿಟ್ಟರೆ ಕೊಡಲಾರದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ತೀರ ಮರೆಯಲ್ಲಿಟ್ಟರೆ ಕೊಡಬಲ್ಲವರೂ ಮರೆಯುತ್ತಾರೆ. ಕೊನೆಗೆ, ಹೊರಡುವವರು ಕೋಟು ಹಾಕಿಕೊಳ್ಳುವ ಮೊಳೆಗಳ ಪಕ್ಕದಲ್ಲಿ, ಬೆನ್ನು ಎಲ್ಲರಿಗೂ ತಿರುಗಿರುವ ಜಾಗದಲ್ಲಿ ಇಟ್ಟೆವು. ಯಾರು ಎಷ್ಟು ಹಾಕಿದರೆಂಬುದು ಯಾರಿಗೂ ತಿಳಿಯದು. ಸಂಜೆ ಎಣಿಸಿದಾಗ ಗಂಟು ಕಟ್ಟಿದ ಚಿಲ್ಲರೆಯ ಜೊತೆಗೆ ಮಡಿಸಿದ ನೋಟುಗಳೂ ಸಿಕ್ಕುತ್ತಿದ್ದುವು. ಎಷ್ಟು ಕೊಡಬೇಕೆಂದು ಹೇಳಿಬಿಡಿ ಎಂದು ಕೆಲವರು ಬಹಳ ಸಂಕಟದಿಂದ ಕೇಳುವುದುಂಟು. ಜೀವಮಾನವೆಲ್ಲ ಬೆಲೆಯ ಚೀಟಿಯನ್ನು ಓದಿ ಅಭ್ಯಾಸವಾದವರಿಗೆ ಒಂದು ಬಟ್ಟಲು ಸೂಪಿಗೆ ತಾವೇ ಬೆಲೆ ಕಟ್ಟುವುದು ಅದನ್ನು ಬೇಯಿಸುವುದಕ್ಕಿಂತ ಕಷ್ಟವಾಗಿ ತೋರುತ್ತದೆ.

ಬರುವವರು ಎಲ್ಲ ತರದವರು, ಮತ್ತು ಹಾಗೆ ಇರಬೇಕೆಂಬುದೇ ಉದ್ದೇಶ. ಬಡವರಿಗೆಂದು ಹೆಸರಿಟ್ಟ ಕೂಡಲೇ ಅದು ಬೇರೆ ಸಂಸ್ಥೆಯಾಗುತ್ತದೆ. ಪಕ್ಕದ ಕಚೇರಿಯ ಗುಮಾಸ್ತೆ, ಒಂಟಿಯಾಗಿರುವ ಮುದುಕಿ, ಕೈಗೂಸಿನ ತಾಯಿ, ಮನೆಯಿಲ್ಲದ ತರುಣ ಒಂದೇ ಮೇಜಿಗೆ ಕುಳಿತು ಒಂದೇ ಪಲ್ಯವನ್ನು ಉಣ್ಣುವಾಗ ಯಾರು ಹಸಿವಿನಿಂದ ಬಂದವರು, ಯಾರು ತತ್ತ್ವಕ್ಕಾಗಿ ಬಂದವರು, ಯಾರು ಮಾತಿಗಾಗಿ ಬಂದವರೆಂಬುದನ್ನು ವಿಂಗಡಿಸಲು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ದಾಸೋಹದ ಕಲ್ಪನೆಯಿರುವ ನಾಡಿನಿಂದ ಹೋದವನಿಗೆ ಇದು ಪರಿಚಿತವಾಗಿಯೇ ಕಂಡಿತು. ಊಟ ಮುಗಿಸಿದವರು ಅಡಿಗೆಮನೆಯ ಕಿಂಡಿಯ ಬಳಿ ನಿಂತು, ಕಪ್ಪಿಟ್ಟ ಬಾಳೆಹಣ್ಣಿನಿಂದ ಕೇಕು ಹೇಗಾಯಿತು, ಒಣಗಿದ ರೊಟ್ಟಿಯಿಂದ ಪುಡಿಂಗ್ ಹೇಗಾಯಿತೆಂದು ಕೇಳುತ್ತಾರೆ. ನೂರಕ್ಕೆ ಅರವತ್ತು ಪಾಲು ಹಾಳಾಗುವುದು ಮನೆಗಳಲ್ಲಿ ಎಂದೆನಷ್ಟೆ. ಆ ಅರವತ್ತರ ಕಡೆಗೆ ಕೆಫೆಯಿಂದ ಹೋಗುವ ದಾರಿಯೆಂದರೆ ಆ ಕಿಂಡಿಯೇ.

ಈ ಚಳವಳಿಯನ್ನು ಟೀಕಿಸುವವರು ಇಲ್ಲದಿಲ್ಲ, ಅವರ ಮಾತನ್ನು ತಳ್ಳಿಹಾಕುವುದು ಸುಲಭವೂ ಅಲ್ಲ. ಅಂಗಡಿಯವನು ಬೇಕಾದ್ದಕ್ಕಿಂತ ಹೆಚ್ಚು ತರಿಸುತ್ತಾನೆ. ಮಿಕ್ಕದ್ದನ್ನು ದಾನವೆಂದು ಕೊಟ್ಟು ಕಸ ಸಾಗಿಸುವ ಖರ್ಚನ್ನು ಉಳಿಸಿಕೊಳ್ಳುತ್ತಾನೆ, ಮೇಲೆ ಪುಣ್ಯದ ಪ್ರಚಾರವನ್ನೂ ಗಳಿಸುತ್ತಾನೆ. ಬಡವನ ಹಸಿವಿಗೆ ಕೂಲಿಯೂ ಬಾಡಿಗೆಯೂ ಕಾರಣವಾಗಿರುವಾಗ ಶ್ರೀಮಂತನ ಮಿಗುಳಾಹಾರವನ್ನು ಔಷಧವೆಂದು ಕೊಡುವುದು ಎರಡು ಬೇರೆ ಬೇರೆ ಅನ್ಯಾಯಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಸಮಾಧಾನಪಟ್ಟಂತೆ ಎಂಬುದು ಅವರ ವಾದ. ಫ್ರಾನ್ಸ್ ದೇಶ 2016ರ ಫೆಬ್ರವರಿಯಲ್ಲಿ ಮಾಡಿದ ಶಾಸನ 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಮಾರಾಟವಾಗದ ಆಹಾರವನ್ನು ಬೇಕೆಂದೇ ಕೆಡಿಸಕೂಡದು, ಧರ್ಮಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳಬೇಕು ಎಂದು ವಿಧಿಸಿತು. ಆದರೆ ದಾನವನ್ನು ಕಡ್ಡಾಯ ಮಾಡುವುದರಿಂದ ಅಂಗಡಿಯ ಆಸೆಯೇನೂ ಕಡಿಮೆಯಾಗದು. ಹೆಚ್ಚು ತರಿಸಿದವನಿಗೆ ಹೆಚ್ಚು ನಷ್ಟವಾಗುವಂತಿರಬೇಕು, ಆ ನಷ್ಟವನ್ನು ಸ್ವಯಂಸೇವಕರ ಬೆನ್ನು ಹೊರಬಾರದು ಎಂದು ನನಗೆ ತೋರುತ್ತದೆ. ಕೆಟ್ಟೇ ಹೋದ ಮೂರು ಕ್ರೇಟು ಸೊಪ್ಪನ್ನು ದಾನವೆಂದು ಇಳಿಸಿ ಹೋದ ವ್ಯಾನಿನ ಹಿಂದೆ ನಿಂತು, ಅದನ್ನು ಕಸಕ್ಕೆ ಹಾಕುವ ಶುಲ್ಕ ನಮ್ಮ ಮರದ ಪೆಟ್ಟಿಗೆಯಿಂದ ಹೋಗಬೇಕಲ್ಲ ಎಂದು ಲೆಕ್ಕ ಹಾಕಿದವರಿಗೆ ಈ ಅಭಿಪ್ರಾಯ ಬಾರದಿರುವುದು ಕಷ್ಟ.

ಕರ್ನಾಟಕದಲ್ಲಿ ಇಂಥದನ್ನು ಕಟ್ಟಬಹುದೆ ಎಂದು ಸ್ನೇಹಿತರು ಬರೆದು ಕೇಳುತ್ತಾರೆ. ಅಲ್ಲಿಯ ಮಿಗುಳು ಬೇರೆ ಜಾತಿಯದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಆ ಒಂದು ನಗರದ ಮದುವೆಗಳಲ್ಲಿಯೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತಿತ್ತು. ಅದು ಬೆಂದ ಅಡಿಗೆ. ಪೊಟ್ಟಣದ ಬೇಳೆಯಂತೆ ವಾರಗಟ್ಟಲೆ ಕಾಯದು, ಮಧ್ಯಾಹ್ನ ಮೂರಕ್ಕೆ ಮಿಕ್ಕ ಸಾರು ಬೇಸಗೆಯಲ್ಲಿ ಸಂಜೆಗೆ ಹಳಸುತ್ತದೆ. ಮಿಕ್ಕ ಆಹಾರವನ್ನು ಸಂಗ್ರಹಿಸಿ ಹಂಚುವವರಿಗಾಗಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿಯೇ ನಿಯಮಾವಳಿಯನ್ನು ರೂಪಿಸಿದೆಯಾದ್ದರಿಂದ ಕಾನೂನಿನ ನೆಲೆ ಉಂಟು. ಬೇಕಾದದ್ದು ಛತ್ರದ ಹಿಂಬಾಗಿಲಿನಲ್ಲಿ ಬಿಸಿಯನ್ನು ಕಾಪಾಡುವ ಪಾತ್ರೆ, ಅದನ್ನು ತಕ್ಷಣ ಒಯ್ಯುವ ಗಾಡಿ, ಮತ್ತು ಎಲೆಗೆ ಬಡಿಸದೆ ಕೊಳಗದಲ್ಲಿಯೇ ಉಳಿದದ್ದು ಯಾವುದು, ಬಡಿಸಲು ಹೊರಗೆ ಹೋಗಿ ಬಂದದ್ದು ಯಾವುದೆಂದು ನಿರ್ದಾಕ್ಷಿಣ್ಯವಾಗಿ ಹೇಳಬಲ್ಲ ಒಬ್ಬ ಅಡಿಗೆಭಟ್ಟ.

ಇತ್ತ ನಮ್ಮ ಕೆಫೆಗೆ ಈಚೆಗೆ ಒಂದು ವಿಚಿತ್ರವಾದ ಕಷ್ಟ ಬಂದಿದೆ. ವ್ಯಾನಿನಿಂದ ಇಳಿಯುವ ಕ್ರೇಟುಗಳು ಹಗುರವಾಗುತ್ತಿವೆ. ಅಂಗಡಿಗಳು ನಾಳೆ ಎಷ್ಟು ಮಾರಾಟವಾದೀತೆಂಬುದನ್ನು ಕಂಪ್ಯೂಟರಿನ ಸಹಾಯದಿಂದ ಮೊದಲಿಗಿಂತ ಚೆನ್ನಾಗಿ ಊಹಿಸುತ್ತಿವೆ. ದಿನ ತುಂಬುವ ಪದಾರ್ಥಗಳಿಗೆ ಸಂಜೆ ಹಳದಿ ಚೀಟಿ ಅಂಟಿಸಿ ಅಗ್ಗವಾಗಿ ಮಾರುತ್ತಿವೆ. ಡೆನ್ಮಾರ್ಕಿನಲ್ಲಿ ಹುಟ್ಟಿದ ‘ಟೂ ಗುಡ್ ಟು ಗೋ’ ಎಂಬ ಮೊಬೈಲ್ ವ್ಯವಸ್ಥೆಯ ಮೂಲಕ ಬೇಕರಿಗಳೂ ಹೋಟೆಲುಗಳೂ ಮಿಕ್ಕದ್ದನ್ನು ಚೀಲ ಕಟ್ಟಿ ಕಡಿಮೆ ಬೆಲೆಗೆ ಕೊಡುತ್ತಿವೆ. ಆಹಾರ ಹಾಳಾಗಬಾರದೆಂದು ಹೊರಟವರು ಇದನ್ನು ಕಂಡು ಹಿಗ್ಗಬೇಕು. ಆದರೆ ಕಳೆದ ಸಭೆಯಲ್ಲಿ ಹಿಗ್ಗಿದವರು ಯಾರೂ ಕಾಣಲಿಲ್ಲ. ಬುಧವಾರ ಊಟಕ್ಕೆ ಬರುವ ಅರವತ್ತು ಎಪ್ಪತ್ತು ಜನರಿಗೆ ಏನು ಬಡಿಸುವುದೆಂಬ ಚಿಂತೆಯೇ ಎಲ್ಲರಿಗೂ. ಕೊಂಡು ತಂದು ಅಡಿಗೆ ಮಾಡಿದರೆ ನಾವು ಇತರ ಕೆಫೆಗಳಂತೆಯೇ ಒಂದು ಕೆಫೆಯಾಗುತ್ತೇವೆಂದು ಕೆಲವರು. ಮೇಜಿಗೆ ಬಂದು ಕೂಡುವವರು ಪದಾರ್ಥ ಎಲ್ಲಿಂದ ಬಂತೆಂದು ನೋಡಿ ಬರುವವರಲ್ಲವೆಂದು ಕೆಲವರು. ಲೆಕ್ಕಪತ್ರ ನೋಡುವವರು ಪೆಟ್ಟಿಗೆಯ ಹಣವನ್ನು ಎಣಿಸಿ, ವಾರಕ್ಕೆ ಒಂದು ಚೀಲ ಆಲೂಗಡ್ಡೆಯನ್ನೂ ಒಂದು ಚೀಲ ಬೇಳೆಯನ್ನೂ ಕೊಳ್ಳುವಷ್ಟು ಉಂಟೆಂದು ತಿಳಿಸಿದ ಮೇಲೆ, ಈ ಚಳಿಗಾಲ ಮುಗಿಯುವವರೆಗೆ ಹಾಗೆ ಕೊಳ್ಳುವುದೆಂದೂ, ಕರಿಹಲಗೆಯ ಮೇಲೆ ಕೊಂಡದ್ದು ಯಾವುದು, ಮಿಕ್ಕು ಬಂದದ್ದು ಯಾವುದೆಂದು ಬೇರೆ ಬೇರೆ ಸಾಲಿನಲ್ಲಿ ಬರೆಯುವುದೆಂದೂ ಬಹುಮತದಿಂದ ತೀರ್ಮಾನವಾಯಿತು. ಬರೆಯುವ ಕೆಲಸವನ್ನು ನನಗೆ ವಹಿಸಿದ್ದಾರೆ.